ಹೊಂದಿದ ರಕ್ತ

"ತೋಳು ಸಡ್ಲ ಬಿಡ್ರಿ ಯವ್ವಾ, ಇಷ್ಟು ಬಿಗಿ ಹಿಡದ್ರ ನರ ಸಿಗೂದಿಲ್ಲ," ಎಂದ ರಕ್ತ ತೆಗೆಯುವ ಮೀರಾಸಾಬ.

ರೇವವ್ವ ಸಡಿಲ ಬಿಡಲಿಲ್ಲ. ಸೊಲ್ಲಾಪುರದ ಆ ದವಾಖಾನೆಯಲ್ಲಿ ರಕ್ತ ತಪಾಸಣೆಯ ಕೋಣೆಯ ಸ್ಟೂಲಿನ ತುದಿಗೆ ಕೂತು, ಇನ್ನೊಂದು ಕೈಯಿಂದ ಸೆರಗು ಹಿಡಿದುಕೊಂಡಿದ್ದಳು. ಐವತ್ತರ ಆಸುಪಾಸಿನ ಹೆಂಗಸು; ಈವರೆಗೆ ಯಾರೂ ಅವಳ ಮೈಗೆ ಸೂಜಿ ಚುಚ್ಚಿರಲಿಲ್ಲ. ಬಾಗಿಲ ಹೊರಗೆ ಮಗ ಗುರಲಿಂಗಪ್ಪ ನಿಂತಿದ್ದ. ಅವನ ರಕ್ತ ಹೊಂದಿರಲಿಲ್ಲ. ಬಾಗೇವಾಡಿಯಿಂದ ಸೊಸೆಯ ಅಣ್ಣ ಬಂದು ಕೊಟ್ಟು ಹೋಗಿದ್ದ, ಅವನದೂ ಹೊಂದಿರಲಿಲ್ಲ.

"ಸೊಸಿಗೆ ಅತ್ತಿ ರಕ್ತ ಹೆಂಗ ಹೊಂದತೈತಪಾ? ಅಕಿ ಬಾಗೇವಾಡಿಯಾಕಿ, ನಾನು ಹಲಸಂಗಿಯಾಕಿ."

"ಸೊಸಿಗಲ್ರಿ, ಹುಟ್ಟೂ ಕೂಸಿಗೆ. ಹೊಂದಲಿಲ್ಲಂದ್ರ ಪುಣೆದಿಂದ ತರಸಬೇಕಾಕ್ಕೈತಿ. ಅದು ಬರೂತನಕ ಕೂಸು ತಡೀಬೇಕಲ್ರಿ."

ರಬ್ಬರಿನ ನಳಿಕೆ ಬಿಗಿದು ಅವನು ಸೂಜಿ ಚುಚ್ಚಿದ. ರೇವವ್ವ ಗೋಡೆಯ ಕಡೆ ನೋಡಿದಳು.

ಸೊಸೆ ಚನ್ನವ್ವ ತಾಂಬಾದ ಮನೆಗೆ ಬಂದ ಮರುವರ್ಷವೇ ಹೆಣ್ಣು ಹಡೆದಿದ್ದಳು. ಆ ಬಾಳಮ್ಮ ಈಗ ಶಾಲೆಗೆ ಹೋಗುವಷ್ಟಾಗಿದ್ದಳು. ಎರಡನೆಯದು ಗಂಡು. ಹುಟ್ಟಿದಾಗ ಮನೆಗೆಲ್ಲ ಕೇಳುವಂತೆ ಅತ್ತ ಕೂಸು ಮರುದಿನ ಸಂಜೆಯ ಹೊತ್ತಿಗೆ ಅರಿಶಿನ ಬಳಿದಂತಾಯಿತು. ಮೊಲೆ ಬಿಟ್ಟಿತು, ಬೆನ್ನು ಬಿಲ್ಲಿನಂತೆ ಸೆಟೆದು ಸತ್ತಿತು. ಮೂರನೆಯದು ಎಂಟನೇ ತಿಂಗಳವರೆಗೆ ಹೊಟ್ಟೆಯಲ್ಲಿ ಆಡಿ ನಿಂತುಹೋಯಿತು. ಮೈಯೆಲ್ಲ ಬಾತುಕೊಂಡು ಹೊರಗೆ ಬಂದ ಅದನ್ನು ಸೂಲಗಿತ್ತಿ ಜನ್ನತಬಿ ಯಾರಿಗೂ ತೋರಿಸದೆ ಬಟ್ಟೆ ಸುತ್ತಿಬಿಟ್ಟಳು.

ಮಕ್ಕಳನ್ನು ತಿನ್ನುವ ಹೊಟ್ಟೆ ಎಂದು ಓಣಿಯವರು ಆಡಿಕೊಂಡರು. ರೇವವ್ವ ಹಾಗೆ ಅನ್ನಲಿಲ್ಲ. ಆದರೆ ಕಳೆದ ಸುಗ್ಗಿಗೆ ಮುದ್ದೇಬಿಹಾಳಕ್ಕೆ ಹೋಗಿ ದೂರದ ಸಂಬಂಧದ ಒಂದು ಹುಡುಗಿಯನ್ನು ನೋಡಿ, ಮಗನಿಗೆ ಇನ್ನೊಂದು ಮದುವೆಯ ಮಾತಾಡಿ ಬಂದಿದ್ದಳು. ಅದರಲ್ಲಿ ಅವಳಿಗೆ ಕೆಡುಕೇನೂ ಕಂಡಿರಲಿಲ್ಲ. ಅವಳ ಗಂಡನೂ ಹಾಗೆಯೇ ಸಿಂದಗಿ ಕಡೆಯಿಂದ ರಾಮವ್ವನನ್ನು ತಂದಿದ್ದ. ಗುರಲಿಂಗಪ್ಪ ಆಗ ಇನ್ನೂ ಚಡ್ಡಿ ಹಾಕುವ ಹುಡುಗ. ಸವತಿ ಹೊಸ್ತಿಲು ದಾಟುವಾಗ ಕಾಲಿಗೆ ನೀರು ಹಾಕಿದವಳೂ ರೇವವ್ವನೇ. ರಾಮವ್ವ ಹಡೆದ ಮೂವರೂ ಬದುಕಿದರು, ಈಗ ಗಂಡಂದಿರ ಮನೆಗಳಲ್ಲಿದ್ದರು.

"ನಾನೇನು ಸತ್ನೆ? ಅಕೀನೂ ಸಾಯೂದಿಲ್ಲ," ಎಂದಿದ್ದಳು ಮಗನಿಗೆ. ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅಷ್ಟರಲ್ಲಿ ಚನ್ನವ್ವ ಮತ್ತೆ ಬಸುರಾದಳು. ಇಂಡಿಯ ಸರಕಾರಿ ಡಾಕ್ಟರು ಹಿಂದಿನ ಕೂಸುಗಳ ಕಥೆ ಕೇಳಿ, ಇದು ಇಲ್ಲಿ ಆಗುವ ಹೆರಿಗೆಯಲ್ಲ ಎಂದು ಸೊಲ್ಲಾಪುರದ ದಾರಿ ತೋರಿಸಿದರು. ಬಾಳಮ್ಮನನ್ನು ರಾಮವ್ವನ ಹತ್ತಿರ ಬಿಟ್ಟು, ಝಳಕಿಯಲ್ಲಿ ಬಸ್ಸು ಬದಲಿಸಿ ಮೂವರೂ ಬಂದರು. ರೇವವ್ವ ಬಂದದ್ದು ಅಡುಗೆಗೆಂದು. ದವಾಖಾನೆಯ ಹಿಂದಿನ ಬೇವಿನ ಗಿಡದ ಕೆಳಗೆ ಮೂರು ಕಲ್ಲು ಹೂಡಿ ರೊಟ್ಟಿ ಬಡಿಯುತ್ತಿದ್ದಳು.

ಮಧ್ಯಾಹ್ನ ಡಾಕ್ಟರ್‌ಬಾಯಿ ತಾಯಿ ಮಗ ಇಬ್ಬರನ್ನೂ ಕರೆಸಿದರು. ದಪ್ಪ ಕನ್ನಡಕದ, ಅವಸರವಿಲ್ಲದ ಹೆಂಗಸು. ತವರು ಅಥಣಿಯಂತೆ, ಕನ್ನಡದಲ್ಲೇ ಮಾತಾಡಿದರು.

"ರೇವವ್ವಾ, ನಿಮ್ಮ ರಕ್ತ ಹೊಂದೇತಿ. ನಿಮ್ಮ ಸೊಸಿದು ನೆಗೆಟಿವ್ ಅಂತ ಹೇಳಿದ್ನಲ್ಲ, ನಿಮ್ಮದೂ ಹಂಗ ಐತಿ. ನೂರ ಮಂದ್ಯಾಗ ನಾಕೈದು ಮಂದೀದು ಅಷ್ಟ ಹಿಂಗಿರತೈತಿ."

"ರೋಗ ಏನ್ರಿ ಅದು?"

"ರೋಗ ಅಲ್ಲ. ಕೆಲವ್ರ ಕಣ್ಣು ಬೆಕ್ಕಿನಗಣ್ಣು ಇರತಾವ ನೋಡ್ರಿ, ಹಂಗ. ತಾಯಿದು ಹಿಂಗಿದ್ದು ಕೂಸಿಗೆ ತಂದಿ ರಕ್ತ ಬಂತಂದ್ರ ತ್ರಾಸ. ಮೊದಲನೇದು ಬಹಳ ಮಾಡಿ ಪಾರಾಕ್ಕೈತಿ. ಅದನ್ನ ಹಡಿಯೂ ಮುಂದ ಕೂಸಿನ ರಕ್ತ ಒಂದೀಟು ತಾಯಿ ಮೈಯಾಗ ಸೇರತೈತಿ. ಮೈ ಅದನ್ನ ಹೊರಗಿಂದು ಅಂತ ಗುರ್ತು ಹಿಡದು ಇಟಗೊಂತೈತಿ. ಮುಂದಿನ ಕೂಸುಗಳ ರಕ್ತ ಹೊಟ್ಟ್ಯಾಗ ಇದ್ದಾಗನ ಒಡಿಯಾಕ ಚಾಲೂ ಆಕ್ಕೈತಿ. ಹಳದಿ ಆಗೂದು ಅದಕ್ಕ."

ಡಾಕ್ಟರ್‌ಬಾಯಿ ಕನ್ನಡಕ ತೆಗೆದು ಒರೆಸಿಕೊಂಡರು.

"ನಿಮಗೆಷ್ಟು ಮಕ್ಕಳು?"

"ಇಂವ ಒಬ್ಬನ."

"ಇವರು ಚೊಚ್ಚಲ ಏನು?"

"ಹೌದ್ರಿ."

"ಆಮ್ಯಾಲೆ ಆಗಲಿಲ್ಲೇನು?"

"ಆದೂರಿ. ಮೂರು." ರೇವವ್ವ ಮೇಜಿನ ಅಂಚನ್ನು ಬೆರಳಿನಿಂದ ಉಜ್ಜಿದಳು. "ಹಳದಿ ಆಗಿ ಹೋದೂ."

ಗುರಲಿಂಗಪ್ಪ ತಾಯಿಯ ಕಡೆ ತಿರುಗಿದ. ತನಗಿಂತ ಕಿರಿಯವು ಹುಟ್ಟಿ ಸತ್ತವೆಂದು ಅವನಿಗೆ ಗೊತ್ತಿತ್ತು. ಹೇಗೆಂದು ಯಾರೂ ಹೇಳಿರಲಿಲ್ಲ.

"ಅಷ್ಟು ಹಿಂದಿನ ಮಾತು ಖಾತ್ರಿ ಹೇಳಾಕ ಬರೂದಿಲ್ಲ. ಆದ್ರ ಇದಾ ಇರಬೇಕು."

"ಆಗ ಇದಕ್ಕ ಔಷಧ ಇತ್ತೇನ್ರಿ?"

"ನಮ್ಮ ಕಡೆ ಯಾರಿಗೂ ಗೊತ್ತಾ ಇರಲಿಲ್ಲ."

ರೇವವ್ವ, "ಹಂಗಾರ ಅಕಿ ತಪ್ಪಿಲ್ಲಂದಂಗಾತು," ಎಂದಳು.

"ಯಾರ್ದು?"

"ಸೊಸಿದ್ರಿ."

"ಯಾರ್ದೂ ತಪ್ಪಿಲ್ಲ," ಎಂದರು ಡಾಕ್ಟರ್‌ಬಾಯಿ.

ಗಿಡದ ಕೆಳಗೆ ಬಂದು ನೋಡಿದರೆ ಒಲೆ ಆರಿತ್ತು. ರೇವವ್ವ ಅದರ ಮುಂದೆ ಕೂತಳು. ಆ ಮೂರರಲ್ಲಿ ಮೊದಲನೆಯದು ಹೋದಾಗ ಗ್ರಹಣದಲ್ಲಿ ಹೊರಗೆ ಬಂದದ್ದಕ್ಕೆ ಹೀಗಾಯಿತೆಂದು ಅತ್ತೆ ಹೇಳಿದ್ದಳು. ಬಂದಿದ್ದೆನೇನೋ ಎಂದುಕೊಂಡು ರೇವವ್ವ ಒಪ್ಪಿಕೊಂಡಿದ್ದಳು. ಎರಡನೆಯದಕ್ಕೆ ಮನೆದೇವರ ಹರಕೆ ಮರೆತದ್ದು ಕಾರಣವಾಯಿತು. ಅದನ್ನೂ ಒಪ್ಪಿದಳು. ಮೂರನೆಯದು ಇನ್ನೂ ಉಸಿರಾಡುತ್ತಿದ್ದಾಗಲೇ ಅತ್ತೆ ಅದನ್ನು ಅವಳ ಮಡಿಲಿನಿಂದ ಎತ್ತಿಕೊಂಡು, ನಿನ್ನ ನೆರಳು ಬೀಳಬಾರದು ಎಂದು ಅವಳನ್ನು ದನದ ಕೊಟ್ಟಿಗೆಗೆ ಕಳಿಸಿದ್ದಳು. ಅಲ್ಲಿ ಎದೆಯ ಹಾಲು ಗೋದಲಿಯ ಹುಲ್ಲಿಗೆ ಹಿಂಡಿ ಕೂತಿದ್ದಳು. ಆಗಲೂ ಅವಳಿಗೆ ಯಾರ ಮೇಲೂ ಸಿಟ್ಟು ಬಂದಿರಲಿಲ್ಲ. ಈಗ ಬಂತು, ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ. ಅತ್ತೆ ಸತ್ತು ಬಹಳ ವರ್ಷವಾಗಿತ್ತು, ಗಂಡನೂ ಇರಲಿಲ್ಲ.

ಗುರಲಿಂಗಪ್ಪ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ. "ಯವ್ವಾ," ಎಂದ.

"ರೊಟ್ಟಿ ಆರಿ ಹೋಗ್ಯಾವ. ಉಣ್ಣು."

ಅವನು ಒಂದು ತುತ್ತು ಮುರಿದು ಕೈಯಲ್ಲೇ ಹಿಡಿದುಕೊಂಡ.

"ಮುದ್ದೇಬಿಹಾಳಕ್ಕ ಹೋಗೂ ಬಸ್ಸಿನ್ಯಾಗ ಗುರ್ತಿನವರು ಯಾರರ ಸಿಗತಾರೇನು ನೋಡು," ಎಂದಳು ರೇವವ್ವ, ಆರಿದ ಕೊಳ್ಳಿ ಮುಂದೆ ತಳ್ಳುತ್ತ. "ಹುಡಿಗಿಗೆ ಬ್ಯಾರೆ ಕಡೆ ನೋಡ್ರಿ ಅಂತ ಹೇಳಿ ಕಳಸು. ಹಾದಿ ಕಾಯ್ಕೊಂತ ಕುಂದ್ರಬಾರದು ಅವರು."

"ಹೆರಿಗಿ ಆಗಲಿ ತಡಿ."

"ಆದ ಮ್ಯಾಲೆ ಹೇಳೂದು ಬ್ಯಾರೆ. ಈಗ ಹೇಳು."

ಮರುದಿನ ರಕ್ತ ಕೊಟ್ಟಳು. ಗಾಜಿನ ಬಾಟಲಿ ತುಂಬುವುದನ್ನು ಕಣ್ಣು ಕೀಳದೆ ನೋಡಿದಳು. "ಇಷ್ಟು ಕರ್ರಗ ಇರತೈತೇನಪಾ?" ಎಂದು ಕೇಳಿದಳು. ಮೀರಾಸಾಬ ನಕ್ಕು, ಎಲ್ಲರದೂ ಹಾಗೆಯೇ ಎಂದು ಹೇಳಿ ಚಹಾ ತರಿಸಿ ಕುಡಿಸಿದ. ಎದ್ದು ನಿಂತಾಗ ಕಣ್ಣಿಗೆ ಕತ್ತಲು ಬಂದು ಅವನ ಭುಜ ಹಿಡಿದಳು.

ದಿನ ತುಂಬುವ ಮೊದಲೇ ಔಷಧ ಕೊಟ್ಟು ಹೆರಿಗೆ ಮಾಡಿಸಿದರು. ಹೆಣ್ಣು. ಕೂಸು ಬಿಳಿಚಿಕೊಂಡಿತ್ತು. ಮಧ್ಯಾಹ್ನದೊಳಗೆ ಹಣೆಯ ಮೇಲೆ ಹಳದಿ ಕಾಣಿಸಿತು. ಡಾಕ್ಟರ್‌ಬಾಯಿ ಅದನ್ನು ಒಳಗೊಯ್ದು, ಹೊಕ್ಕುಳಿಗೆ ಸಣ್ಣ ನಳಿಕೆ ಸೇರಿಸಿ, ಒಂದು ಪಿಚಕಾರಿಯಷ್ಟು ಕೂಸಿನ ರಕ್ತ ತೆಗೆಯುವುದು, ಬಾಟಲಿಯ ರಕ್ತ ಅಷ್ಟೇ ಹಾಕುವುದು, ಹೀಗೆ ಕೂತೇ ಇದ್ದರು. ಹೊರಗೆ ಬೆಂಚಿನ ಮೇಲೆ ರೇವವ್ವ ಕೂತಿದ್ದಳು. ನಡುವೆ ನರ್ಸ್ ಬಿಳಿ ತಾಟಿನಲ್ಲಿ ತೆಗೆದ ರಕ್ತ ಹೊತ್ತು ಹೊರಬಂದಾಗ ಎದ್ದು ನಿಂತಳು, ಮತ್ತೆ ಕೂತಳು.

ಮರುದಿನ ಹಳದಿ ಮತ್ತೆ ಏರಿತು. ಇನ್ನೊಮ್ಮೆ ಬದಲಿಸಬೇಕಾದರೆ ರಕ್ತವೆಲ್ಲಿ ಎಂದು ಡಾಕ್ಟರ್‌ಬಾಯಿ ಮೀರಾಸಾಬನೊಡನೆ ಮಾತಾಡುವುದು ಕೇಳಿ, ರೇವವ್ವ ಕುಪ್ಪಸದ ತೋಳು ಮೇಲಕ್ಕೆ ಸರಿಸಿ ಹೋಗಿ ನಿಂತಳು. ನಿಮ್ಮ ಮೈಯಲ್ಲಿ ಇನ್ನು ತೆಗೆಯುವಷ್ಟಿಲ್ಲ ಎಂದು ಅವರು ಗದರಿ ಕಳಿಸಿದರು. ಆದರೆ ಹಳದಿ ಏರಿದಲ್ಲೇ ನಿಂತಿತು, ಆಮೇಲೆ ನಿಧಾನವಾಗಿ ಇಳಿಯಿತು. ಕೂಸು ಮೊಲೆ ಹಿಡಿಯಿತು.

ಇನ್ನು ಮುಂದೆ ಮಕ್ಕಳು ಬೇಡ, ಆಪರೇಷನ್ ಮಾಡಿಸಿರಿ ಎಂದರು ಡಾಕ್ಟರ್‌ಬಾಯಿ. ಗುರಲಿಂಗಪ್ಪ ತಾಯಿಯನ್ನು ನೋಡದೆಯೇ ಹೂಂ ಎಂದ. ಎರಡೂ ಹೆಣ್ಣು. ರೇವವ್ವನಿಗೆ ಒಂದು ಗಂಡು ಬೇಕಾಗಿತ್ತು; ಎದ್ದು ಒಲೆ ಹೊತ್ತಿಸಲು ಹೋದಳು.

ಅಂದು ಚನ್ನವ್ವನಿಗೆ ನುಚ್ಚು ಕಲಸಿ ಕೊಟ್ಟಾಗ ಅವಳು ತಟ್ಟೆ ಹಿಡಿದುಕೊಂಡೇ ಕೇಳಿದಳು: "ಅತ್ತೀ, ಮುದ್ದೇಬಿಹಾಳದವರಿಗೆ ಏನ್ ಹೇಳ್ತೀರಿ?"

ಅವಳಿಗೆ ಗೊತ್ತಿದೆಯೆಂದು ರೇವವ್ವ ತಿಳಿದಿರಲಿಲ್ಲ. "ಹೇಳಿ ಕಳಿಸಿ ಆಗೇತಿ," ಎಂದಳು.

"ಏನಂತ್ರಿ?"

"ಬ್ಯಾಡ ಅಂತ. ಉಣ್ಣು, ಆರತೈತಿ."

ಚನ್ನವ್ವ ತಲೆ ಬಗ್ಗಿಸಿ ಉಂಡಳು. ತಟ್ಟೆ ಖಾಲಿಯಾದ ಮೇಲೆ, "ಇನ್ನೊಂದೀಟು ಹಾಕ್ರಿ," ಎಂದಳು.

ತಾಂಬಾಕ್ಕೆ ಮರಳಿದ ಮೇಲೆ ಓಣಿಯ ಹೆಂಗಸರೆಲ್ಲ ಬಂದು ಕೂಸು ನೋಡಿದರು. ರೇವವ್ವ ಕೇಳಿದವರಿಗೆ, ದವಾಖಾನೆಯಲ್ಲಿ ರಕ್ತ ಹಾಕಿದರು, ಕೂಸು ಉಳಿಯಿತು ಎಂದಷ್ಟೇ ಹೇಳಿದಳು. ಯಾರ ರಕ್ತವೆಂದು ಹೇಳಲಿಲ್ಲ. ಮಗನೇ ರಾಮವ್ವನಿಗೆ ಹೇಳಿರಬೇಕು; ಎಲ್ಲವನ್ನೂ ಹೇಳಿರಬೇಕು.

ಒಂದು ಮುಂಜಾನೆ ಹಿತ್ತಲಲ್ಲಿ ರೇವವ್ವ ಕಾಲು ಚಾಚಿ ಕೂತು ಕೂಸಿಗೆ ಎರೆಯುತ್ತಿದ್ದಳು. ರಾಮವ್ವ ಹಂಡೆಯಿಂದ ಬಿಸಿನೀರು ತೋಡಿ ತಂದು, ಕೈಯದ್ದಿ ನೋಡಿ, ಸಣ್ಣ ಧಾರೆಯಾಗಿ ಬಿಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಚೆಂಬು ತಡೆದಳು.

"ಅಕ್ಕಾ, ನಿನ್ನ ಆ ಮೂರು, ಏನಾಗಿದ್ದೂ? ಗಂಡೋ ಹೆಣ್ಣೋ?"

ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದು ರಾಮವ್ವ ಇದನ್ನು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

"ಮೊದಲಿಂದು ಹೆಣ್ಣು," ಎಂದಳು ರೇವವ್ವ. "ಆಮ್ಯಾಗಿನವು ಎರಡು ಗಂಡು. ಸಣ್ಣಂವಗ ತಲಿತುಂಬ ಕೂದಲಾ ಇದ್ದೂ."

ರಾಮವ್ವ ಹೂಂ ಎಂದು ಮತ್ತೆ ನೀರು ಬಿಟ್ಟಳು. ಕೂಸು ರೇವವ್ವನ ಕಾಲುಗಳ ನಡುವೆ ಬಾಯಿ ತೆರೆದು ಒಮ್ಮೆ ಅತ್ತು, ಬಿಸಿನೀರು ಬೆನ್ನಿಗೆ ಬೀಳುತ್ತಲೇ ಸುಮ್ಮನಾಯಿತು. ಅವಳು ಅದನ್ನು ಬೋರಲು ಹಾಕಿ, ಒದ್ದೆ ಅಂಗೈಯಿಂದ ಬೆನ್ನು ನೀವುತ್ತ ಕೂತಳು.