ದಕ್ಕೆಯ ತುದಿಯವರೆಗೆ

ಹಾಲ್ವರ್ ಶವಪೆಟ್ಟಿಗೆಯ ಹಿಡಿಗೆ ಕೈ ಹಾಕುವಷ್ಟರಲ್ಲಿ ಇಂಗುನ್ ಅಡ್ಡ ಬಂದಳು.

“ನೀವು ಬೇಡ. ಹೊರಗೆ ಮಂಜುಗಡ್ಡೆ ಕಟ್ಟಿದೆ, ಜಾರುತ್ತೆ.”

ಎಂಬತ್ತು ದಾಟಿದ ಮುದುಕ ಹಿಂದೆ ಸರಿದ. ಆ ಮಾತಿನ ಮೊನೆ ಚರ್ಚಿನಲ್ಲಿದ್ದವರಿಗೆಲ್ಲ ತಿಳಿಯಿತು. ಅವಳ ತಾಯಿ ರಾಗ್ನ ಮೀನುದೋಣಿ ನಿಲ್ಲುವ ದಕ್ಕೆಯ ಮೇಲೆ ಬಿದ್ದು ಸೊಂಟ ಮುರಿದುಕೊಂಡಾಗ ಜೊತೆಗಿದ್ದವನು ಇವನೇ. ಆಸ್ಪತ್ರೆ ಸೇರಿದ ರಾಗ್ನ ಮತ್ತೆ ಏಳಲಿಲ್ಲ.

*

ಎರಡು ವರ್ಷದ ಹಿಂದೆ ರಾಗ್ನ ಅಡುಗೆಮನೆಯಲ್ಲಿ ಎಡವಿ ಮಣಿಕಟ್ಟು ಮುರಿದುಕೊಂಡಿದ್ದಳು. ಆಮೇಲೆ ಇಂಗುನ್ ನೆಲಹಾಸುಗಳನ್ನೆಲ್ಲ ಸುತ್ತಿಟ್ಟಳು, ಸಾಮಾನು ತಾನೇ ತಂದುಹಾಕಿದಳು, ಹೊಸ್ತಿಲು ದಾಟಬೇಡ ಎಂದು ತಾಕೀತು ಮಾಡಿದಳು. ಆಯುಷ್ಯವೆಲ್ಲ ಮೀನು ಕಾರ್ಖಾನೆಯಲ್ಲಿ ನಿಂತೇ ದುಡಿದ ಹೆಂಗಸು ಕಿಟಕಿಯ ಪಕ್ಕ ಕೂತುಬಿಟ್ಟಳು. ಚಳಿಗಾಲ ಮುಗಿಯುವಷ್ಟರಲ್ಲಿ ಕುರ್ಚಿಯಿಂದ ಏಳಲೂ ಆಸರೆ ಬೇಕಾಯಿತು.

ಕಾಫಿಗೆಂದು ಬಂದ ಕೆಳಮನೆಯ ಹಾಲ್ವರ್ ಅದನ್ನು ನೋಡಿದ. ಬೀಳದಿರಲು ತಾನು ಆರೋಗ್ಯ ಕೇಂದ್ರದಲ್ಲಿ ಕಲಿತ ಕಸರತ್ತನ್ನು ಹೇಳಿಕೊಟ್ಟ: ಅಡುಗೆಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗಿಸಿ ನಡೆಯುವುದು. ಬೇಸಿಗೆಗೆ ಇಬ್ಬರೂ ಗಾಳ ಹಿಡಿದು ದಕ್ಕೆಗೆ ಹೊರಟರು. ಇಂಗುನ್ ಜಗಳ ತೆಗೆದಳು.

“ಬೀಳ್ತೀನಿ ಅಂತ ಹೆದರಿ ಕೂತೂ ಕೂತೂ ನಿಲ್ಲೋದೇ ಮರ್ತಿದ್ದೆ ಕಣೇ,” ಎಂದಳು ರಾಗ್ನ. “ಮತ್ತೆ ಕೂರಿಸ್ಬೇಡ.”

*

ಮಣ್ಣು ಮುಗಿಸಿ ಎಲ್ಲರೂ ಚರ್ಚಿನ ಸಭಾಂಗಣದಲ್ಲಿ ಕಾಫಿಗೆ ಕೂತರು. ಹಾಲ್ವರ್ ಮೂಲೆಯಲ್ಲಿ ಒಬ್ಬನೇ ಇದ್ದ. ಇಂಗುನ್ ಅವನೆದುರು ಕುರ್ಚಿ ಎಳೆದುಕೊಂಡಳು.

“ಅವತ್ತು ಯಾಕೆ ಕರ್ಕೊಂಡು ಹೋದ್ರಿ?”

“ನೆಗಡಿ, ಬರಲ್ಲ ಅಂದೆ. ಹಾಗಾದ್ರೆ ಒಬ್ಳೇ ಹೋಗ್ತೀನಿ ಅಂದ್ಳು. ನಿಮ್ಮಮ್ಮ ಹೇಗೆ ಅಂತ ನಿಂಗೇ ಗೊತ್ತಲ್ಲ.” ಬಟ್ಟಲನ್ನು ಕೆಳಗಿಟ್ಟ. “ಗಾಳಕ್ಕೆ ದೊಡ್ಡ ಮೀನು ಕಚ್ತು ಕಣಮ್ಮ. ಜಗ್ಗಿ ಎಳೀತು. ದಾರ ಬಿಡು ರಾಗ್ನ ಅಂದೆ. ಬಿಡ್ಲಿಲ್ಲ.”

ಇಂಗುನ್ ಅವನ ಬಟ್ಟಲಿಗೆ ಮತ್ತೆ ಕಾಫಿ ಬಗ್ಗಿಸಿದಳು.

“ಮೀನು ಸಿಕ್ತಾ?”

“ಸಿಕ್ತು. ಆಂಬುಲೆನ್ಸ್ ಬರೋವರೆಗೂ ಬಿದ್ದಲ್ಲೇ ಅದನ್ನ ನೋಡ್ಕೊಂಡು ನಗ್ತಿದ್ಳು. ಇಂಗುನ್‌ಗೆ ತೋರಿಸ್ಬೇಕು, ಇಟ್ಟಿರು ಅಂದ್ಳು. ನಿಂಗೆ ಹೇಳೋಕೆ ನಂಗೆ ಧೈರ್ಯ ಬರ್ಲಿಲ್ಲ.”

ಆಸ್ಪತ್ರೆಯಲ್ಲಿ ತಾಯಿ ದಕ್ಕೆಯ ಸುದ್ದಿ ಎತ್ತಿದಾಗಲೆಲ್ಲ ತಾನು ಮಾತು ಮರೆಸಿದ್ದು ಇಂಗುನ್‌ಗೆ ನೆನಪಾಯಿತು.

ಸಂಜೆ ಅವಳು ಅವನ ಮನೆಗೆ ಹೋಗಿ ಫ್ರೀಜರ್ ತೆರೆದಳು. ಆ ಮೀನು ಒಳಗೆ ಹಿಡಿಯದೆ ಹಾಲ್ವರ್ ಅದರ ಬಾಲ ಮಡಚಿ ತುರುಕಿದ್ದ. ಒಂದು ಕೈಯಲ್ಲಿ ಎತ್ತಲು ನೋಡಿದಳು, ಆಗಲಿಲ್ಲ. ಎರಡೂ ತೋಳಲ್ಲಿ ಎದೆಗವಚಿ ಎತ್ತಿಕೊಂಡು ನಿಂತಳು. ಮೀನಿನ ಮೈಗೆ ಕಟ್ಟಿದ್ದ ಹಿಮ ಕರಗುತ್ತ ಅವಳ ಕರಿ ಕೋಟು ನಿಧಾನವಾಗಿ ತೊಯ್ಯತೊಡಗಿತು.