ಜಲಜಾಕ್ಷಿ ಸರಿಸುತ್ತಿದ್ದ ಪರದೆ

ನಮ್ಮ ಮನೆಯ ಚಾವಡಿಗೂ ಒಳಕೋಣೆಗೂ ನಡುವಿನ ಬಾಗಿಲಿಗೆ ಕದ ಇರಲಿಲ್ಲ. ಒಂದು ಕದ ಮಾಡಿಸಿ ಎಂದು ನಮ್ಮವರಿಗೆ ಹೇಳಿ ಹೇಳಿ ನನ್ನ ನಾಲಗೆ ಸವೆದದ್ದೇ ಬಂತು. ಕೊನೆಗೆ ನಾನೇ ಕಾಗದದ ಮಣಿಗಳ ಪರದೆ ಕಟ್ಟಿದೆ. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಉದ್ದುದ್ದ ಚೂರು ಮಾಡಿ, ತೆಂಗಿನ ಗರಿಯ ಹಿಡಿಸೂಡಿ ಕಡ್ಡಿಗೆ ಬಿಗಿಯಾಗಿ ಸುತ್ತಿ, ತುದಿಗೆ ಮೈದಾ ಅಂಟು ಹಚ್ಚಿ ಕಡ್ಡಿ ಎಳೆದರೆ ಒಂದು ಮಣಿಯಾಯಿತು, ಮಣಿಗಳನ್ನು ದಾರಕ್ಕೆ ಪೋಣಿಸಿದರೆ ಒಂದು ಎಳೆ. ಅಂಟಿಗೆ ಚೂರು ಮೈಲುತುತ್ತು ಹಾಕಬೇಕು, ಇಲ್ಲದಿದ್ದರೆ ಜಿರಳೆಗೆ ಹಬ್ಬ. ಬಂಟ್ವಾಳ ಪೇಟೆಯಲ್ಲಿ ಅಂಥ ಪರದೆ ಆಗ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ನೋಡಲು ಬಂದ ಹೆಂಗಸರು ಮುಟ್ಟಿ ಮುಟ್ಟಿ ಕೊಳೆ ಮಾಡುತ್ತಾರೆಂದು ನಾನು ಗದರಿಸುತ್ತಿದ್ದೆ.

ಅದನ್ನು ಕಟ್ಟಿದ್ದು ನನ್ನ ದೊಡ್ಡ ಮಗಳು ಜಲಜಾಕ್ಷಿ ತೀರಿಕೊಂಡ ವರ್ಷ. ಅವಳಿಗೆ ಮೂರು ತುಂಬಿರಲಿಲ್ಲ. ಜ್ವರ ಬಂತು, ಹೋದಳು. ಕೈ ಸುಮ್ಮನಿದ್ದರೆ ಹುಚ್ಚು ಹಿಡಿದೀತೆಂದು ನಾನು ಕತ್ತರಿ, ಕಾಗದ ಹಿಡಿದು ಕುಳಿತೆ.

ಗಾಳಿ ಬಂದರೆ ಪರದೆ ಇಡೀ ಅಲುಗುತ್ತದೆ. ಅವಳು ಬಂದರೆ ಹಾಗಲ್ಲ. ನಡುವಿನ ಕೆಲವು ಎಳೆಗಳು ಮಾತ್ರ ಎರಡು ಬದಿಗೆ ಸರಿದು, ಒಬ್ಬರು ದಾಟುವಷ್ಟು ಹೊತ್ತು ಹಾಗೇ ನಿಂತು, ಮತ್ತೆ ಸೇರಿಕೊಳ್ಳುತ್ತವೆ. ಮೊದಲ ಸಲ ನೋಡಿದಾಗ ನನ್ನ ಕೈಯ ಕತ್ತರಿ ಬಿದ್ದುಹೋಯಿತು. ಆಗ ಎಳೆಗಳು ಬಾಗುತ್ತಿದ್ದದ್ದು ನನ್ನ ಮೊಣಕಾಲಿನ ಎತ್ತರದಲ್ಲಿ. ವರ್ಷ ಕಳೆದಂತೆ ಸೊಂಟದ ಹತ್ತಿರ ಬಂತು, ಆಮೇಲೆ ಎದೆಯ ಹತ್ತಿರ. ಸತ್ತ ಮಕ್ಕಳೂ ಬೆಳೆಯುತ್ತವೆ ಎಂದು ನಮ್ಮ ಕಡೆ ಹೇಳುತ್ತಾರೆ. ಹೇಳುವುದೇನು ಬಂತು, ನಾನು ಕಣ್ಣಾರೆ ನೋಡಿದ್ದೇನೆ.

ಗೋಡೆಯಲ್ಲಿ ರಟ್ಟು ಮಡಚಿ ಬಣ್ಣದ ಕಾಗದ ಅಂಟಿಸಿದ ಸಂಚಿಗಳನ್ನು ಸಾಲಾಗಿ ತೂಗುಹಾಕಿದ್ದೆ. ಒಂದರಲ್ಲಿ ನಮ್ಮವರ ಕನ್ನಡಕ, ಒಂದರಲ್ಲಿ ಸಣ್ಣ ಮಗಳು ಸ್ವರ್ಣಲತಾಳ ಪಿನ್ನು, ಬಳೆ. ಕೊನೆಯದು ಜಲಜಾಕ್ಷಿಯದು. ಅದರಲ್ಲಿ ಬಾಚಣಿಗೆ, ಒಂದು ಕೆಂಪು ರಿಬ್ಬನ್. ರಿಬ್ಬನನ್ನು ನಾನು ಸುತ್ತಿ ಇಡುವುದು, ಬೆಳಿಗ್ಗೆ ಎದ್ದು ನೋಡಿದರೆ ಅದು ಬಿಚ್ಚಿಕೊಂಡು ನೇತಾಡುತ್ತಿರುವುದು. “ಸುತ್ತಿ ಇಡಲಿಕ್ಕೆ ನಿನಗೆ ಏನು ದಾಡಿ?” ಎಂದು ನಾನು ಬೈದುಕೊಂಡೇ ಕಾಫಿಗೆ ನೀರಿಡುತ್ತಿದ್ದೆ. ಹೀಗೆ ನಾವಿಬ್ಬರೂ ಸುಖವಾಗಿಯೇ ಇದ್ದೆವು.

ಕಷ್ಟ ಬಂದದ್ದು ಸ್ವರ್ಣಳಿಗೆ ಸಂಬಂಧ ಹುಡುಕಲು ಹೊರಟಾಗ. ಕಲ್ಲಡ್ಕದವರು ಹುಡುಗಿಯನ್ನು ಒಪ್ಪಿ ಹೋದವರು ಆಮೇಲೆ ಉಸಿರೇ ಎತ್ತಲಿಲ್ಲ. ಮೂಡಬಿದಿರೆಯಿಂದ ಬಂದ ಹುಡುಗನ ತಾಯಿ ಪರದೆ ದಾಟಿ ಒಳಗೆ ಕಾಲಿಟ್ಟವಳು ಸೆರಗು ಹಿಡಿದುಕೊಂಡು ಹೊರಗೆ ಓಡಿದಳು. “ಯಾರೋ ಎಳೆದ ಹಾಗಾಯ್ತು” ಎಂದವಳ ತುಟಿ ಬಿಳಿಚಿತ್ತು. ಇಟ್ಟ ಬೆಲ್ಲ ನೀರು ಇಟ್ಟಲ್ಲೇ ಉಳಿಯಿತು.

ಹೆಣ್ಣುಮಕ್ಕಳ ಮದುವೆ ಎಂದರೆ ನಮ್ಮಲ್ಲಿ ಸೋದರಮಾವನ ಮಾತೇ ಮಾತು. ನನ್ನ ಅಣ್ಣ ಮುಂಡಪ್ಪ ಕವಡೆ ಹಾಕಿ ನೋಡುವವರ ಹತ್ತಿರ ಹೋಗಿ ಬಂದು ಚಾವಡಿಯಲ್ಲಿ ಕುಳಿತ.

“ದೊಡ್ಡವಳು ಮದುವೆಯ ಪ್ರಾಯಕ್ಕೆ ಬಂದಿದ್ದಾಳಂತೆ ನೀಲಾ. ಅವಳನ್ನು ಕೂರಿಸಿಕೊಂಡು ಸಣ್ಣವಳಿಗೆ ಮಾಡಲಿಕ್ಕೆ ಹೊರಟರೆ ಅವಳು ಬಿಡುತ್ತಾಳಾ? ಮೊದಲು ಅವಳದ್ದು ಮಾಡುವ.”

ಮದುವೆಯಾಗದೆ ಸತ್ತವರಿಗೆ, ಹಾಗೆಯೇ ಸತ್ತ ಇನ್ನೊಬ್ಬರನ್ನು ಹುಡುಕಿ ಧಾರೆ ಎರೆಯುವ ಕ್ರಮ ನಮ್ಮಲ್ಲುಂಟು. ಕುಲೆ ಮದುವೆ ಎನ್ನುತ್ತೇವೆ. ಮದುವೆಯಾದ ಮೇಲೆ ಹುಡುಗಿ ಗಂಡನ ಮನೆಯವಳು. ನನಗೆ ಇದೆಲ್ಲ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೇ ಬಾಯಿ ಮುಚ್ಚಿಕೊಂಡಿದ್ದೆ.

“ಅವಳನ್ನು ನಾನು ಎಲ್ಲಿಗೂ ಕಳಿಸುವುದಿಲ್ಲ,” ಎಂದೆ. “ನಿಮಗೆಲ್ಲ ಅವಳು ಏನು ಭಾರ ಆಗಿದ್ದಾಳೆ? ಅನ್ನ ಕೇಳ್ತಾಳಾ, ಬಟ್ಟೆ ಕೇಳ್ತಾಳಾ?”

“ನಿನ್ನ ತಲೆ ಸಮ ಉಂಟಾ ಮಾರಾಯ್ತಿ?”

“ನಿನಗಿಂತ ಸಮ ಉಂಟು!”

ಆಗ ಒಳಗಿದ್ದ ಸ್ವರ್ಣ ಹೊರಗೆ ಬಂದಳು. ಎದುರು ಮಾತನಾಡುವ ಹುಡುಗಿಯೇ ಅಲ್ಲ ಅವಳು. “ಅಮ್ಮ, ನಿಮಗೆ ಯಾವಾಗಲೂ ಅಕ್ಕ ಮಾತ್ರ ಕಾಣುವುದು. ನಾನು ಈ ಮನೆಯಲ್ಲಿ ಬದುಕಿಕೊಂಡು ಇದ್ದೇನೆ. ಅದು ನಿಮಗೆ ಗೊತ್ತುಂಟಾ?”

ಕೆನ್ನೆಗೆ ಬಾರಿಸಿದ ಹಾಗಾಯಿತು. ಅವಳು ಹೇಳಿದ್ದು ಸತ್ಯ. ಎಷ್ಟೋ ದಿನ ಅವಳಿಗೆ ಜಡೆ ಹಾಕುವಾಗಲೂ ನನ್ನ ಕಣ್ಣು ಪರದೆಯ ಕಡೆಗೇ ಇರುತ್ತಿತ್ತು. ಅಣ್ಣನಿಗೆ “ಹುಡುಗನನ್ನು ನೋಡು” ಎಂದು ಹೇಳಿ ಅಡುಗೆಕೋಣೆಗೆ ಹೋಗಿ ಅತ್ತೆ.

ಹುಡುಗ ಸಿಕ್ಕಿದ್ದು ಬೆಳ್ತಂಗಡಿಯಲ್ಲಿ. ಪೂವಕ್ಕ ಎಂಬವರ ಮಗ ಶೇಖರ, ಮಗುವಾಗಿರುವಾಗಲೇ ಬಾವಿಗೆ ಬಿದ್ದು ಹೋದವನು. ಬದುಕಿರುವವರಿಗೆ ಹೇಗೆ ವಿಚಾರಿಸುತ್ತಾರೋ ಹಾಗೆಯೇ ಕುಲದ ಬಳಿ, ಪ್ರಾಯ ಎಲ್ಲ ವಿಚಾರಿಸಿ ಮಾತು ಮುಗಿಸಿದರು.

ಅಲಂಕಾರ ಮಾತ್ರ ನನ್ನದು, ಯಾರೂ ಕೈ ಹಾಕಬಾರದು ಎಂದೆ. ಬಣ್ಣದ ಕಾಗದಕ್ಕೆ ಮೊಯಿದಿನಬ್ಬರ ಅಂಗಡಿಗೆ ಹೋದೆ.

“ಮದುವೆ ಕಾಗದವಾ ನೀಲಕ್ಕ? ಸ್ವರ್ಣನದ್ದು ಆಯ್ತಾ?”

“ಅಲ್ಲ. ದೊಡ್ಡವಳದ್ದು.”

ಮೊಯಿದಿನಬ್ಬರಿಗೆ ಜಲಜಾಕ್ಷಿ ಗೊತ್ತಿತ್ತು. ಅವಳಿಗೆ ಬೆಲ್ಲದ ಚೂರು ಕೊಟ್ಟವರು. “ಹಾಗಾದರೆ ಕೆಂಪು ಜಾಸ್ತಿ ಕೊಡ್ತೇನೆ. ಮದುಮಗಳಿಗೆ ಕೆಂಪು ಬೇಕಲ್ಲ,” ಎಂದು ಒಳಗಿನಿಂದ ಹೊಸ ಕಟ್ಟು ತಂದು ಬಿಚ್ಚಿದರು.

ಮಾವಿನೆಲೆಯ ಆಕಾರಕ್ಕೆ ತೋರಣ ಕತ್ತರಿಸಿದೆ. ಬಾಸಿಂಗ ಮಾಡಿದೆ. ತೆಳ್ಳಗಿನ ಬಿಳಿ ಕಾಗದ ಹಿಂಡಿ ಮಲ್ಲಿಗೆ ಮೊಗ್ಗು ಮಾಡಿ ದಂಡೆ ಕಟ್ಟಿದೆ. ಒಂದು ಮಧ್ಯಾಹ್ನ ಮೊಗ್ಗು ಕಟ್ಟುತ್ತಿರುವಾಗ ಪರದೆ ಸರಿಯಿತು, ಮತ್ತೆ ಸೇರಲೇ ಇಲ್ಲ. ಎಳೆಗಳು ಬಾಗಿಕೊಂಡು ಹಾಗೇ ನಿಂತಿದ್ದವು. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೆ ಎಂದು ತಿಳಿಯಿತು. “ಚೆಂದ ಉಂಟಾ? ನಿನ್ನದೇ ಇದು,” ಎಂದೆ. ನನ್ನ ಕುತ್ತಿಗೆಗೆ ಯಾರೋ ಉಸಿರು ಬಿಟ್ಟ ಹಾಗೆ ತಣ್ಣಗಾಯಿತು.

ಮದುವೆಯ ದಿನ ಸ್ವರ್ಣಳನ್ನು ಮೊಯಿದಿನಬ್ಬರ ಹೆಂಡತಿ ರುಖಿಯಮ್ಮನ ಹತ್ತಿರ ಬಿಟ್ಟೆವು. ಮದುವೆಯಾಗದವರು ಇದನ್ನು ನೋಡಬಾರದು. ಮುಸ್ಸಂಜೆಗೆ ಬೆಳ್ತಂಗಡಿಯ ದಿಬ್ಬಣ ಬಂತು. ಒಂದು ಮಣೆಯ ಮೇಲೆ ಸೀರೆ, ರವಿಕೆ, ಬಳೆ. ಇನ್ನೊಂದರ ಮೇಲೆ ಪಂಚೆ, ಅಂಗಿ. ನಾನು ಮಾಡಿದ ಬಾಸಿಂಗಗಳನ್ನು ಎರಡರ ಮೇಲೂ ಇಟ್ಟರು. ಅಣ್ಣ ಧಾರೆ ಎರೆದ. ಅವಳ ಬಾಚಣಿಗೆ, ರಿಬ್ಬನ್ ಕೂಡ ಮಡಿಲು ತುಂಬಿ ಕಳಿಸಬೇಕೆಂದರು. ಕೊಟ್ಟೆ.

ಇನ್ನು ಹೊರಡಬೇಕು. ಪೂವಕ್ಕನ ಹಿರಿಸೊಸೆ ಗಟ್ಟಿಮುಟ್ಟಾದ ಹೆಂಗಸು, ಬಗ್ಗಿ ಸೀರೆಯ ಮಣೆಗೆ ಕೈ ಹಾಕಿದಳು. ಮಣೆ ಏಳಲಿಲ್ಲ. ಇನ್ನೊಬ್ಬಳು ಕೈ ಸೇರಿಸಿದಳು. ಇಬ್ಬರ ಹಣೆಯಲ್ಲೂ ಬೆವರು. ಒಂದು ಸೀರೆ, ನಾಲ್ಕು ಬಳೆ, ಅಷ್ಟೇ ಅದರ ಮೇಲಿದ್ದದ್ದು.

“ನೀಲಾ,” ಅಣ್ಣ ಮೆಲ್ಲಗೆ ಹೇಳಿದ, “ನೀನು ಅವಳನ್ನು ಬಿಡಲಿಲ್ಲ.”

ಹೌದು, ಬಿಟ್ಟಿರಲಿಲ್ಲ. ಧಾರೆಯ ನೀರು ಬೀಳುವಾಗಲೂ ಮನಸ್ಸಿನಲ್ಲಿ ಹೋಗಬೇಡ, ಹೋಗಬೇಡ ಎನ್ನುತ್ತಲೇ ಇದ್ದೆ. ಮುದ್ದು ಮಾತಾಡಿದರೆ ಅವಳು ಏಳುವವಳಲ್ಲ ಎಂದು ನನಗೆ ಗೊತ್ತು. ನನಗೆ ಬರುವುದೂ ಬೈಗುಳವೇ.

“ಏಳು ಜಲಜಾ!” ಎಂದು ಕಿರುಚಿದೆ. “ಎಷ್ಟು ಸಮಯ ಅಮ್ಮನ ಸೆರಗು ಹಿಡಿದುಕೊಂಡು ಕೂರ್ತೀ? ನಾಚಿಕೆ ಆಗುವುದಿಲ್ವಾ ನಿನಗೆ? ತಂಗಿಗೆ ದಾರಿ ಬಿಡು. ಹೋಗು, ಗಂಡನ ಮನೆಗೆ ಹೋಗು!”

ಮಣೆ ಹಗುರಾಯಿತು. ಎಷ್ಟು ಹಗುರವೆಂದರೆ ಹಿರಿಸೊಸೆ ಹಿಂದಕ್ಕೆ ಬೀಳುತ್ತಿದ್ದಳು. ನಾನು ಕಂಬ ಹಿಡಿದು ಗೊಳೋ ಎಂದು ಅತ್ತೆ. ಪೂವಕ್ಕ ನನ್ನ ಕೈ ಹಿಡಿದು ಕೇಳಿದರು, “ಅವಳದ್ದು ಏನಾದರೂ ಅಭ್ಯಾಸ ಉಂಟಾ ಅಕ್ಕ? ಹೇಳಿ, ನಾನು ನೋಡಿಕೊಳ್ತೇನೆ.”

“ರಿಬ್ಬನ್ ಸುತ್ತಿ ಇಡುವುದಿಲ್ಲ. ಬೈಯಬೇಡಿ,” ಎಂದೆ.

ಆಮೇಲೆ ನಮ್ಮ ಪರದೆ ಗಾಳಿಗೆ ಮಾತ್ರ ಅಲುಗಿತು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ, ಏನೂ ಇಲ್ಲ. ಸ್ವರ್ಣಳಿಗೆ ಮಾಣಿ ಊರಿನ ಸಂಬಂಧ ಬಂತು, ಬಂದ ಕಾಲಲ್ಲೇ ಒಪ್ಪಿದರು, ಬೇಸಗೆಯಲ್ಲೇ ಮದುವೆಯೂ ಆಯಿತು. ಎಲ್ಲರೂ ಖುಷಿ. ಮನೆ ಮಾತ್ರ ಭಣಭಣ ಎನ್ನುತ್ತಿತ್ತು. ದೆವ್ವದ ಮನೆಯೆಂದು ಜನ ಹೆದರುತ್ತಾರೆ. ನನಗೆ ಹೆದರಿಕೆ ಹುಟ್ಟಿದ್ದು ಅವಳು ಹೋದ ಮೇಲೆ.

ಆಷಾಢದ ಮಳೆಯ ಆಟಿ ತಿಂಗಳು ಬಂತು. ಹೊಸದಾಗಿ ಮದುವೆಯಾದ ಹೆಣ್ಣನ್ನು ಆಟಿಯಲ್ಲಿ ತವರಿಗೆ ಕರೆತಂದು ಕೂರಿಸುವುದು ನಮ್ಮ ಪದ್ಧತಿ. ಸ್ವರ್ಣ ಬಂದಳು. ಅವಳಿಗೆ ಬಡಿಸುತ್ತಿರುವಾಗ ನನ್ನ ಬಾಯಿಂದ ಬಂದೇಬಿಟ್ಟಿತು, “ಇನ್ನೊಬ್ಬಳನ್ನೂ ಕರೆಯಬೇಕಲ್ಲ.”

“ನಿನಗೆ ಮರುಳು,” ಎಂದರು ನಮ್ಮವರು. ಅಣ್ಣನಿಗೆ ಹೇಳಲೇ ಇಲ್ಲ. ಇಬ್ಬರು ಹೆಣ್ಣುಮಕ್ಕಳನ್ನು ಒಂದೇ ವರ್ಷ ಕೊಟ್ಟು ಒಬ್ಬಳನ್ನೇ ಕರೆಯುವುದು ಯಾವ ನ್ಯಾಯ? ಮರುದಿನ ಕೊಡೆ ಹಿಡಿದು ಬೆಳ್ತಂಗಡಿಯ ಬಸ್ಸು ಹತ್ತಿದೆ.

“ಮಗಳನ್ನು ಆಟಿಗೆ ಕರೆಯಲು ಬಂದೆ,” ಎಂದರೆ ಪೂವಕ್ಕ ನಗಲಿಲ್ಲ. ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟು, ಎದುರು ಕುಳಿತರು.

“ನನ್ನ ಶೇಖರ ದಿನಾ ಸಂಜೆ ಬಾವಿಕಟ್ಟೆಯಲ್ಲಿ ಅಳುತ್ತಿದ್ದ ಅಕ್ಕ. ಇಷ್ಟು ವರ್ಷ ಕೇಳಿ ಕೇಳಿ ನನ್ನ ಎದೆ ಒಣಗಿತ್ತು. ಈಗ ಅಳುವುದಿಲ್ಲ. ಇಬ್ಬರೂ ಸೇರಿ ನಗುತ್ತಾರೆ. ನೀವೇ ಕರೆಯಿರಿ. ಬರುವುದಾದರೆ ನಾನು ತಡೆಯುವುದಿಲ್ಲ.”

ಒಳಗಿನ ಕತ್ತಲ ಕೋಣೆಯಲ್ಲಿ ಏನೋ ಗುಸುಗುಸು ನಡೆದಿತ್ತು. “ಜಲಜಾ, ಅಮ್ಮ ಬಂದಿದ್ದೇನೆ, ಬಾ,” ಎಂದೆ. ಗುಸುಗುಸು ತಟ್ಟನೆ ನಿಂತಿತು. ಮತ್ತೆ ಕರೆದೆ. ಮಕ್ಕಳು ಅಡಗಿಕೊಂಡು ಬಾಯಿಗೆ ಕೈ ಒತ್ತಿ ಹಿಡಿದಾಗ ಇರುತ್ತದಲ್ಲ, ಅಂಥ ಮೌನ. ಯಾರೂ ಬರಲಿಲ್ಲ.

ಮೈ ಉರಿಯಿತು. “ಇಷ್ಟು ಬೇಗ ಮರೆತಳಾ ನನ್ನನ್ನು?”

“ಮರೆಯುತ್ತಾಳಾ ಅಕ್ಕ? ಅವಳಿಗೆ ಇಲ್ಲಿ ಒಗ್ಗಿತು, ಅಷ್ಟೇ. ನಿಮ್ಮ ಸ್ವರ್ಣ ಸಹ ವಾಪಸ್ಸು ಹೋಗಲಿಕ್ಕೆ ದಾರಿ ನೋಡುತ್ತಿಲ್ವಾ?”

ನೋಡುತ್ತಿದ್ದಳು. ಬೆಳಿಗ್ಗೆಯಷ್ಟೇ ಮಾಣಿಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ್ದಳು. ಪೂವಕ್ಕ ಹಳೆಯ ಕ್ಯಾಲೆಂಡರ್, ಕತ್ತರಿ, ಅನ್ನದ ಗಂಜಿ ತಂದಿಟ್ಟು, ಇಬ್ಬರಿಗೂ ಸೇರಿ ಒಂದು ಗೋಡೆ ಸಂಚಿ ಮಾಡಿಕೊಡಿ ಎಂದರು. ಮಾಡಿದೆ. ಎರಡು ಗೂಡು ಇಟ್ಟು, ಅಂಚಿಗೆ ಹೂವು ಕತ್ತರಿಸಿ, ಅವರ ಗೋಡೆಗೆ ನಾನೇ ಮೊಳೆ ಹೊಡೆದೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತೆ. ಪಕ್ಕದ ಜಾಗದಲ್ಲಿ ಕೊಡೆ ಅಡ್ಡ ಇಟ್ಟಿದ್ದೆ. ಹುಡುಗುಬುದ್ಧಿ, ಕೊನೆ ಗಳಿಗೆಯಲ್ಲಿ ಮನಸ್ಸು ಬದಲಿಸಿ ಓಡಿ ಬಂದರೂ ಬಂದಳು. ಮಡಂತ್ಯಾರಿನಲ್ಲಿ ಜನ ತುಂಬಿದರು. ಮಗುವನ್ನು ಎತ್ತಿಕೊಂಡ ಒಬ್ಬಳು ಹೆಂಗಸು ನನ್ನ ಹತ್ತಿರ ಬಂದು ಕೇಳಿದಳು.

“ಇಲ್ಲಿ ಯಾರಾದರೂ ಇದ್ದಾರಾ ಅಕ್ಕ?”

ನಾನು ಸೀಟಿನ ಮೇಲೆ ಕೈ ಇಟ್ಟು ನೋಡಿದೆ. ಆಮೇಲೆ ಕೊಡೆ ತೆಗೆದು ಕಾಲಬುಡದಲ್ಲಿ ಇಟ್ಟುಕೊಂಡೆ.

“ಯಾರೂ ಇಲ್ಲ,” ಎಂದೆ. “ಕೂತುಕೊಳ್ಳಿ.”