ಹತ್ತು ಎಣಿಸುವಷ್ಟರಲ್ಲಿ

"ಅವ್ವಾ, ದೊಡ್ಡದು ಇನ್ನೂ ಕರ್ರಗ ಐತಿ!"

ಶೀಲಾ ಹಂಚಿನ ಮೇಲಿನ ರೊಟ್ಟಿ ತಿರುವಿ, ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಪಡಸಾಲೆಗೆ ಓಡಿ ಬಂದಳು. ಮೇಜಿನ ಮೇಲೆ ಲ್ಯಾಪ್‌ಟಾಪ್ ಬೆಳಗುತ್ತಿತ್ತು. ಅದರ ಹಿಂದೆ ಎರಡು ಹಿಟ್ಟಿನ ಡಬ್ಬಿಗಳ ಮೇಲೆ ಏರಿಸಿಟ್ಟ ದೊಡ್ಡ ಮಾನಿಟರ್ ಮಾತ್ರ ಕಪ್ಪಗೆ ಕುಳಿತಿತ್ತು. ನಿನ್ನೆ ಸಂಜೆ ಗಂಡ ವೀರೇಂದ್ರ ಅದನ್ನು ರಾಣೆಬೆನ್ನೂರಿನ ಜಹೀರನ ಕಂಪ್ಯೂಟರ್ ಅಂಗಡಿಯಿಂದ ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬ್ಯಾಡಗಿಗೆ ತಂದಿದ್ದ. ಈಗ ನಾಳಿನ ಪೇಟೆಗೆ ಬಂದ ಮೆಣಸಿನಕಾಯಿ ಚೀಲ ಇಳಿಸಿಕೊಳ್ಳಲು ಹೋಗಿದ್ದ.

ಹತ್ತು ಗಂಟೆಗೆ ಮಗಳು ಭುವನಾಳ ಪಾಠ. ಹಾವೇರಿಯ ರುದ್ರಮುನಿ ಸರ್ ಭಾನುವಾರಕ್ಕೊಮ್ಮೆ ಆನ್‌ಲೈನಿನಲ್ಲಿ ಮಕ್ಕಳಿಗೆ ಆಕಾಶದ ವಿಷಯ ಹೇಳುತ್ತಿದ್ದರು. ಇವತ್ತು ಚಂದ್ರ, ಇವತ್ತೇ ಕೊನೆ. ಒಂಬತ್ತು ವರ್ಷದ ಭುವನಾಳಿಗೆ ಹುಟ್ಟಿದಾಗಿನಿಂದ ದೃಷ್ಟಿ ಮಂದ. ದಪ್ಪ ಕನ್ನಡಕವಿದ್ದರೂ ಮೂಗು ತಾಗಿಸಿಯೇ ಓದಬೇಕು. ಲ್ಯಾಪ್‌ಟಾಪಿಗೆ ಹಾಗೆ ಮುಖ ಹಚ್ಚಿದರೆ ಅದರ ಕ್ಯಾಮೆರಾಕ್ಕೆ ಅವಳ ಬೈತಲೆಯಷ್ಟೇ ಕಾಣುತ್ತಿತ್ತು. "ಸರ, ಇವತ್ತ ಭುವನಾ ಎಣ್ಣಿ ಹಚ್ಚ್ಯಾಳ್ರಿ" ಎಂದು ಯಾವನೋ ಹುಡುಗ ಎಲ್ಲರನ್ನೂ ನಗಿಸಿದ್ದ. ಅಂದಿನಿಂದ ಅವಳು ಕ್ಯಾಮೆರಾವನ್ನೂ ತೆರೆದಿರಲಿಲ್ಲ, ಬಾಯನ್ನೂ ತೆರೆದಿರಲಿಲ್ಲ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಏನೋ ಒಂದು ಪ್ರಶ್ನೆ ಬರೆದಿಟ್ಟುಕೊಂಡು ಮೂರು ಭಾನುವಾರ ಕಳೆದಿದ್ದವು. ಶೀಲಾ ಹತ್ತಿರ ಹೋದರೆ ಅಂಗೈ ಮುಚ್ಚುತ್ತಿದ್ದಳು.

ಚಿತ್ರವೆಲ್ಲ ದೊಡ್ಡ ಪರದೆಗೆ ಬಂದುಬಿಟ್ಟರೆ ಹುಡುಗಿ ಕುರ್ಚಿಗೆ ಒರಗಿ ನೋಡಬಹುದು, ಮುಂದಿನ ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಅವಳ ಮುಖ ಕಾಣುತ್ತದೆ. ಇದು ಶೀಲಾಳದೇ ಉಪಾಯ. ಅದು ಹೊಳೆದ ರಾತ್ರಿ ಅವಳಿಗೆ ಖುಷಿಯಿಂದ ನಿದ್ದೆ ಬಂದಿರಲಿಲ್ಲ.

ಅವಳು ಜಹೀರನಿಗೆ ಮತ್ತೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು.

"ನೋಡ್ರಿ ಅಕ್ಕಾರ, ನಿಮ್ಮ ಲ್ಯಾಪ್‌ಟಾಪಿನ್ಯಾಗ ವಿಂಡೋಸ್ ಬದ್ಲಿ ಲಿನಕ್ಸ್ ಐತಿ. ದೊಡ್ಡ ಪರದೆ ನಡಸೋದು ಗ್ರಾಫಿಕ್ಸ್ ಕಾರ್ಡು. ಆ ಕಾರ್ಡಿನ ಕಂಪನೀದು ಬ್ಯಾರೆ ಡ್ರೈವರ್, ಅಂದ್ರ ಅದನ್ನ ನಡಸೋ ಸಾಫ್ಟ್‌ವೇರ್, ಹಾಕಿಸೀನಿ ನಿಮ್ಮ ಕೈಲೆ. ಆದ್ರ ಮಷೀನು ಹೊರಗಿಂದನ್ನ ಕೇಳದ ಒಳಗ ಬಿಡಂಗಿಲ್ಲ. ಬಂದ್ ಮಾಡಿ ಚಾಲೂ ಮಾಡಿದಾಗ ಒಂದು ನೀಲಿ ಪರದೆ ಬಂದು ಕೇಳತೈತಿ. ಅಲ್ಲೆ ಒಪ್ಪಿಗಿ ಕೊಡಬೇಕು. ಬಂತೇನ್ರಿ ನೀಲಿ?"

"ಎಲ್ಲೀದೋ ತಮ್ಮಾ! ಎರಡ ಸಲ ಮಾಡಿದೆ. ಬಂದ ನೋಡೂದ್ರಾಗ ದಿನಾ ಇರೋದ ಇರತೈತಿ."

"ಹಂಗಾರ ಕಾರ್ಡ ಹೋಗಿರಬೇಕ್ರಿ. ನಾಳೆ ಅಂಗಡಿಗೆ ತಗೊಂಬರ್ರಿ."

ಭುವನಾ ನೋಟ್‌ಬುಕ್ಕನ್ನು ಮೆಲ್ಲಗೆ ಮಡಚಿಟ್ಟಳು. ಮುಖದಲ್ಲಿ ಸಿಟ್ಟಿರಲಿಲ್ಲ, ಇದು ಹೀಗೇ ಆಗುತ್ತದೆಂದು ಮೊದಲೇ ಗೊತ್ತಿದ್ದವಳ ಹಾಗೆ ಇದ್ದಳು. ಶೀಲಾ ಅವಳ ಮುಂದೆ ಮೊಣಕಾಲೂರಿ ಕುಳಿತಳು.

"ಭುವಿ, ನಾ ಒಲಿ ಮುಂದ ಹೋದಾಗ ನೀ ಇಲ್ಲೇ ಕುಂತಿದ್ದೆಲ್ಲ. ಏನರ ಕಂಡಿತ್ತೇನವಾ?"

ಹುಡುಗಿ ಕನ್ನಡಕ ತೆಗೆದು ಅಂಗಿಗೆ ಒರೆಸಿದಳು.

"ನೀಲಿ ಕಂಡಿತ್ತು. ಎರಡೂ ಸಲ."

"ಅಯ್ಯ, ಮತ್ತ ಹೇಳಬಾರದ?"

"ನನ್ನ ಕಣ್ಣಾಗಿಂದ ಅನ್ಕೊಂಡೆ. ನನಗ ಹಂಗ ಏನೇನರ ಕಾಣತೈತಲ್ಲ."

ಶೀಲಾ ಅವಳ ಎರಡೂ ಕೆನ್ನೆ ಹಿಡಿದಳು. ಹಿಟ್ಟಿನ ಬೆರಳುಗಳು ಅಚ್ಚೊತ್ತಿದವು. ನಂತರ ಫೋನಿನ ಕಡೆ ತಿರುಗಿ ಕೂಗಿಯೇ ಬಿಟ್ಟಳು, "ಜಹೀರಾ, ಬಂದಿತ್ತಂತೋ! ನನ್ನ ಮಗಳು ನೋಡ್ಯಾಳ, ಎರಡ ಸಲ ನೋಡ್ಯಾಳ!"

"ಅದು ಹತ್ತು ಸೆಕೆಂಡ್ ಅಷ್ಟ ಇರತೈತ್ರೀ! ನೀವೆಲ್ಲಿ ಹೋಗಿದ್ರಿ?"

"ರೊಟ್ಟಿ ತಿರುವಾಕ!"

ಆ ಕಡೆ ಜಹೀರ ಬಿದ್ದು ಬಿದ್ದು ನಕ್ಕ. "ಇವತ್ತೊಂದ ರೊಟ್ಟಿ ಸುಟ್ಟ ಹೋಗ್ಲಿ ಅಕ್ಕಾರ. ಬರ್ರಿ, ಮತ್ತ ಮೊದಲಿಂದ ಮಾಡೂಣು."

ಅವನು ಒಂದೊಂದೇ ಅಕ್ಷರ ಹೇಳಿದ, ಅವಳು ಒತ್ತಿದಳು. ನೀಲಿ ಪರದೆ ಕೇಳಲಿರುವ ಗುಪ್ತಪದವಾಗಿ ಭುವನಾಳ ಹುಟ್ಟಿದ ದಿನ ಹಾಕಿದಳು. ಗಡಿಯಾರದಲ್ಲಿ ಹತ್ತಕ್ಕೆ ಎಂಟು ನಿಮಿಷವಿತ್ತು. ಲ್ಯಾಪ್‌ಟಾಪ್ ಒಮ್ಮೆ ಆರಿತು.

"ಲೇ ಶೀಲಾ, ಹಂಚಿನ ಮ್ಯಾಲೆ ರೊಟ್ಟಿ ಹೊತ್ತಾಕತ್ತೈತಿ!" ಅಡುಗೆಮನೆಯಿಂದ ಅತ್ತೆ ಕರೆವ್ವನ ಧ್ವನಿ.

"ಹೊತ್ಲಿ ಬಿಡ್ರಿ ಅತ್ತಿ!"

ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಆ ಮನೆಯಲ್ಲಿ ಇಂಥ ಮಾತು ಯಾರೂ ಕೇಳಿರಲಿಲ್ಲ. ಕರೆವ್ವ ಇಕ್ಕಳ ಹಿಡಿದುಕೊಂಡೇ ಹೊರಗೆ ಬಂದು, ತಾಯಿ ಮಗಳು ತಲೆಗೆ ತಲೆ ತಾಗಿಸಿ ಕತ್ತಲೆ ಪರದೆಯನ್ನು ನೋಡುತ್ತಿದ್ದುದನ್ನು ಕಂಡು ಹೊಸ್ತಿಲಲ್ಲೇ ನಿಂತಳು.

"ಬಂತು! ನೀಲಿ ಬಂತು!" ಮೊದಲು ಹೇಳಿದವಳು ಭುವನಾ.

"ಗುಂಡಿ ಒತ್ರಿ, ಯಾವದರ ಒತ್ರಿ!" ಜಹೀರ ಚೀರಿದ. ಒತ್ತಿದಳು. ಶೀಲಾ ಪಟ್ಟಿಯಲ್ಲಿ ಕೆಳಗಿನ ಸಾಲಿಗಿಳಿದು ಒಪ್ಪಿಗೆ ಕೊಟ್ಟಳು. ಹುಟ್ಟಿದ ದಿನವನ್ನು ಮಗಳೇ ಬೆರಳಿಟ್ಟು ಹೊಡೆದಳು. ಮತ್ತೆ ಕತ್ತಲೆ. ಸುಟ್ಟ ರೊಟ್ಟಿಯ ವಾಸನೆ ಪಡಸಾಲೆ ತುಂಬಿತು. ಆಮೇಲೆ ಡಬ್ಬಿಗಳ ಮೇಲಿನ ದೊಡ್ಡ ಪರದೆ ಒಮ್ಮೆ ಮಿಣುಕಿ, ಗೋಡೆಗೆಲ್ಲ ಬೆಳಕು ಚೆಲ್ಲುವಂತೆ ಹೊತ್ತಿಕೊಂಡಿತು.

"ಅಯ್ಯ ನಮ್ಮವ್ವ! ಎಷ್ಟ ದೊಡ್ಡದೈತೇ!" ಎಂದಳು ಕರೆವ್ವ. "ಇನ್ನೊಂದೆರಡ ರೊಟ್ಟಿ ಹೋದ್ರೂ ಚಿಂತಿಲ್ಲ."

ಪಾಠ ಶುರುವಾದಾಗ ಶೀಲಾ ಬಾಗಿಲ ಬಳಿ ಹಿಟ್ಟಿನ ಪರಾತ ಇಟ್ಟುಕೊಂಡು ಕುಳಿತಿದ್ದಳು, ನಾದುವುದು ಮರೆತಿತ್ತು. ದೊಡ್ಡ ಪರದೆಯ ತುಂಬ ಹುಣ್ಣಿಮೆಯ ಚಂದ್ರ. ಭುವನಾ ಕುರ್ಚಿಗೆ ಬೆನ್ನು ಕೊಟ್ಟಿದ್ದಳು. ಮುಂದಿನ ಚಿಕ್ಕ ಪರದೆಯಲ್ಲಿ ಅವಳ ಮುಖ, ಕೆನ್ನೆಯ ಮೇಲೆ ಇನ್ನೂ ಬಿಳಿ ಬೆರಳು.

"ಕಡೀ ಪಾಠ ಇದು," ಎಂದರು ರುದ್ರಮುನಿ ಸರ್. "ಯಾರಿಗರ ಏನರ ಕೇಳೋದೈತೇನು?"

ನೋಟ್‌ಬುಕ್ಕಿನ ಮೇಲಿದ್ದ ಅಂಗೈ ಎದ್ದು ಗಾಳಿಯಲ್ಲಿ ನಿಂತಿತು.

"ಹೇಳವಾ ಭುವನಾ."

"ಸರ, ಚಂದ್ರನ ಮೈಮ್ಯಾಲೆ ಕರೀ ಕಲಿ ಅದಾವಲ್ರಿ," ಅವಳು ಕ್ಯಾಮೆರಾಕ್ಕೇ ಮುಖ ಕೊಟ್ಟು ಕೇಳಿದಳು. "ಅವು ಎಲ್ಲಾರಿಗೂ ಕಾಣ್ತಾವೇನ್ರಿ?"